ವಸಾಯಿಯ ಶೀಟು, ಫೋರ್ಟ್‌ನ ಸಹಿ: ಒಂದು ಸಣ್ಣ ಮರ್ಚೆಂಟ್ ಬ್ಯಾಂಕಿನ ಪ್ರಕರಣ

ಕಂಪನಿಯೊಂದು ಸಾರ್ವಜನಿಕರಿಗೆ ಷೇರು ಮಾರಿ ಹಣ ಎತ್ತುವಾಗ (ಇದನ್ನೇ ಇಶ್ಯೂ ಎನ್ನುವುದು) ಅದರ ಕಾಗದಪತ್ರ ಪರೀಕ್ಷಿಸಿ ಆ ಕೆಲಸ ನಡೆಸಿಕೊಡುವುದು ಮರ್ಚೆಂಟ್ ಬ್ಯಾಂಕು. ಈ ಪ್ರಕರಣದ ಮರ್ಚೆಂಟ್ ಬ್ಯಾಂಕು, ಕಾರ್ಖಾನೆ ಎರಡನ್ನೂ ಪಾಠಕ್ಕೆಂದು ಕಟ್ಟಿಕೊಂಡಿದ್ದೇವೆ. ಅವುಗಳ ವ್ಯವಹಾರದ ಅಂಕಿಗಳೂ ಹಾಗೆಯೇ ಇಟ್ಟುಕೊಂಡವು. ಕಾನೂನು, ಇಸವಿ, ಷೇರು ವಿನಿಮಯ ಕೇಂದ್ರದ ಅಳತೆಗಳು ಮತ್ತು ಹೆಸರಿಟ್ಟು ಹೇಳಿದ ಘಟನೆಗಳು ಮಾತ್ರ ದಾಖಲೆಯಲ್ಲಿರುವಂಥವು.

ಕಾರ್ಖಾನೆ ಮುಂಬಯಿ ಹತ್ತಿರದ ವಸಾಯಿಯದು. ಮುಂಬಯಿಯವರು ಗಾಲಾ ಎನ್ನುವ ಮೂರು ಶೆಡ್ಡುಗಳಲ್ಲಿ ಹೋಟೆಲ್ ಅಡುಗೆಮನೆಯ ಸಾಮಾನು ತಯಾರಾಗುತ್ತದೆ: ಇಡ್ಲಿ ಸ್ಟೀಮರ್, ದೋಸೆ ಕಾವಲಿಯ ಸ್ಟ್ಯಾಂಡು, ಸಿಂಕು, ಕೆಲಸದ ಮೇಜು. ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುವವರು, ಕುಂದಾಪುರದ ಕಡೆಯವರು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮಾಟುಂಗದಿಂದ ಠಾಣೆಯವರೆಗಿನ ಉಡುಪಿ ಹೋಟೆಲಿನವರು. ಅವರಿಗೆ ಬೇಕಾದದ್ದು ಸಾರ್ವಜನಿಕರಿಂದ 6.55 ಕೋಟಿ ರೂಪಾಯಿ. ಮರ್ಚೆಂಟ್ ಬ್ಯಾಂಕು ಮುಂಬಯಿಯ ಫೋರ್ಟ್‌ನದು: ಇಬ್ಬರು ಪಾಲುದಾರರು, ಒಬ್ಬರು ಕಾರ್ಕಳದ ಸಿಎ, ಇನ್ನೊಬ್ಬರು ಧಾರವಾಡದ ಕಂಪನಿ ಸೆಕ್ರೆಟರಿ. ಜತೆಗೆ ಏಳು ಜನ ಸಿಬ್ಬಂದಿ. ನಿವ್ವಳ ಮೌಲ್ಯ (ಆಸ್ತಿಯಿಂದ ಸಾಲ ಕಳೆದು ಉಳಿಯುವುದು) 6 ಕೋಟಿ. ಅದರಲ್ಲೂ ಬಹುಪಾಲು ಕಚೇರಿಯ ಜಾಗದಲ್ಲೇ ಸಿಕ್ಕಿಕೊಂಡಿದ್ದು, ಕೈಗೆ ತಕ್ಷಣ ಸಿಗುವುದು 1.8 ಕೋಟಿ.

ಈ 6 ಕೋಟಿಯ ಅರ್ಥ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದಲ್ಲಿ ಮರ್ಚೆಂಟ್ ಬ್ಯಾಂಕಿಂಗ್ ಶುರುವಾದದ್ದು 1967ರಲ್ಲಿ, ಗ್ರಿಂಡ್ಲೇಸ್ ಬ್ಯಾಂಕಿನಲ್ಲಿ. ಮುಂದೆ 1972ರಲ್ಲಿ ಸ್ಟೇಟ್ ಬ್ಯಾಂಕೂ ಕೈಹಾಕಿತು. ಅದು ದೊಡ್ಡವರ ಕೆಲಸವಾಗಿತ್ತು. ಷೇರಿನ ಬೆಲೆಯನ್ನು ಸರ್ಕಾರದ ಬಂಡವಾಳ ನಿಯಂತ್ರಕರೇ ಒಪ್ಪಬೇಕಾಗಿದ್ದ 1947ರ ಕಾಯಿದೆ 1992ರಲ್ಲಿ ರದ್ದಾದಾಗ ಸಣ್ಣವರಿಗೂ ಬಾಗಿಲು ತೆರೆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಸೆಬಿಯ (ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ) ನಿಯಮಗಳು ಮರ್ಚೆಂಟ್ ಬ್ಯಾಂಕರುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದವು. ಎರಡನೇ ವರ್ಗಕ್ಕೆ 50 ಲಕ್ಷ, ಮೂರನೆಯದಕ್ಕೆ 20 ಲಕ್ಷ ನಿವ್ವಳ ಮೌಲ್ಯ ಸಾಕಿತ್ತು. ನಾಲ್ಕನೆಯದಕ್ಕೆ ಏನೂ ಬೇಕಿರಲಿಲ್ಲ. ನಮ್ಮ ಮಾದರಿ ಸಂಸ್ಥೆ ಹುಟ್ಟಿದ್ದು ಆಗ, ಎರಡನೇ ವರ್ಗದಲ್ಲಿ. ದೊಡ್ಡವರು ನಡೆಸುವ ಇಶ್ಯೂಗಳಲ್ಲಿ ಜೊತೆ ವ್ಯವಸ್ಥಾಪಕ ಆಗುವುದು, ಅಂಡರ್‌ರೈಟಿಂಗ್‌ನಲ್ಲಿ (ಮಾರಾಟವಾಗದೆ ಉಳಿದ ಷೇರನ್ನು ತಾವೇ ಕೊಳ್ಳುವ ಹೊಣೆ) ಪಾಲು ತೆಗೆದುಕೊಳ್ಳುವುದು, ಸಲಹೆ ಕೊಡುವುದು ಅದರ ಕಸುಬಾಗಿತ್ತು.

1994ರಿಂದ 1996ರವರೆಗೆ ಸಾರ್ವಜನಿಕ ಇಶ್ಯೂಗಳ ಸುಗ್ಗಿ. 1994ರಲ್ಲಿ ಅಂಡರ್‌ರೈಟಿಂಗ್ ಐಚ್ಛಿಕವಾಯಿತು. ತನ್ನ ಹಣ ತೊಡಗಿಸದೆ ಬರೀ ಸಹಿ ಹಾಕಿ ಶುಲ್ಕ ಪಡೆಯುವ ದಾರಿ ಇದರಿಂದ ಸಲೀಸಾಯಿತು. ಹಣ ಎತ್ತಿದ ಎಷ್ಟೋ ಕಂಪನಿಗಳು ವಿಳಾಸವೇ ಇಲ್ಲದಂತೆ ಮಾಯವಾದವು. ಮುಂಬಯಿಯ ಕ್ಯಾಂಟೀನು, ರಾತ್ರಿ ಶಾಲೆ, ಸಣ್ಣ ನೌಕರಿಗಳ ದಾರಿಯಲ್ಲಿ ಮೇಲೆ ಬಂದ ನಮ್ಮವರ ಕೈಯಲ್ಲೂ ಅಂಥ ಷೇರುಪತ್ರಗಳು ಉಳಿದವು. ಸೆಬಿ 1996ರ ಏಪ್ರಿಲ್‌ನಲ್ಲಿ ಪ್ರವೇಶದ ನಿಯಮಗಳನ್ನು ಬಿಗಿ ಮಾಡಿತು. 1997ರ ಡಿಸೆಂಬರಿನಲ್ಲಿ ಕೆಳಗಿನ ಮೂರು ವರ್ಗಗಳನ್ನೇ ತೆಗೆದುಹಾಕಿತು. ಅಲ್ಲಿಂದ ಬಹುಕಾಲ ಒಂದೇ ವರ್ಗ, 5 ಕೋಟಿ ಕೆಳಮಿತಿ. ನಮ್ಮ ಸಂಸ್ಥೆ ಬಂಧುಬಳಗದಿಂದ ಬಂಡವಾಳ ಕೂಡಿಸಿ ಆ ಗೆರೆ ದಾಟಿತು.

ಸಣ್ಣ ಕಂಪನಿಗಳಿಗೆಂದೇ ಮಾರುಕಟ್ಟೆ ಕಟ್ಟುವ ಪ್ರಯತ್ನಗಳೂ ಆದವು. 1990ರಲ್ಲಿ ಸ್ಥಾಪನೆಯಾಗಿ 1992ರಲ್ಲಿ ವಹಿವಾಟು ಶುರುಮಾಡಿದ ಓಟಿಸಿಇಐ ಎಂಬ ಷೇರು ವಿನಿಮಯ ಕೇಂದ್ರದಲ್ಲಿ ಕಂಪನಿಗೆ ಒಬ್ಬ ಪ್ರಾಯೋಜಕ ಇರಲೇಬೇಕಿತ್ತು, ಕೊಳ್ಳುವ, ಮಾರುವ ಎರಡೂ ದರ ಸದಾ ಹೇಳುವ ಮಾರ್ಕೆಟ್ ಮೇಕರ್ ಬೇಕಿತ್ತು. ಯೋಚನೆ ಒಳ್ಳೆಯದೇ, ವಹಿವಾಟು ಮಾತ್ರ ಬೆಳೆಯಲಿಲ್ಲ. 2005ರಲ್ಲಿ ಮುಂಬಯಿ ಷೇರು ವಿನಿಮಯ ಕೇಂದ್ರ (ಬಿಎಸ್‌ಇ) ತಂದ ಇಂಡೋನೆಕ್ಸ್ಟ್ ಕೂಡ ನೆಲೆ ನಿಲ್ಲಲಿಲ್ಲ. ಬೇರು ಹಿಡಿದದ್ದು 2012ರ ಮಾರ್ಚ್ 13ರಂದು ಶುರುವಾದ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ (ಎಸ್‌ಎಂಇ) ಬಿಎಸ್‌ಇ ಎಸ್‌ಎಂಇ ವೇದಿಕೆ ಮತ್ತು ಅದೇ ವರ್ಷ ಸೆಪ್ಟೆಂಬರಿನ ಎನ್‌ಎಸ್‌ಇ ಎಮರ್ಜ್. ಇಲ್ಲಿ ಓಟಿಸಿಇಐಯ ಮಾರ್ಕೆಟ್ ಮೇಕರ್ ಮರಳಿ ಬಂದ, ಅಂಡರ್‌ರೈಟಿಂಗ್ ಕಡ್ಡಾಯವಾಯಿತು. ಇಶ್ಯೂ ಪೂರ್ತಿ 100 ಶೇಕಡಾ ಅಂಡರ್‌ರೈಟ್ ಆಗಿರಬೇಕು. ಅದರಲ್ಲಿ ಕನಿಷ್ಠ ಶೇ 15 ಮರ್ಚೆಂಟ್ ಬ್ಯಾಂಕರನ ಸ್ವಂತ ಲೆಕ್ಕಕ್ಕೆ. ತೊಂಬತ್ತರ ದಶಕದ ತಪ್ಪಿಗೆ ಇದಕ್ಕಿಂತ ನೇರವಾದ ಮದ್ದು ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಬಹಳ ಹೂಡಿಕೆದಾರರು ಗಮನಿಸುವುದೇ ಇಲ್ಲ. ಎಸ್‌ಎಂಇ ಇಶ್ಯೂವಿನ ಕರಡು ಪ್ರಾಸ್ಪೆಕ್ಟಸ್ಸಿನ (ಹೂಡಿಕೆದಾರರಿಗೆ ಕಂಪನಿಯ ವಿವರ ತಿಳಿಸುವ ದಾಖಲೆ) ಮೇಲೆ ಸೆಬಿ ತನ್ನ ಅಭಿಪ್ರಾಯ ಕೊಡುವುದಿಲ್ಲ. ವಿನಿಮಯ ಕೇಂದ್ರ ನೋಡಿ ತಾತ್ವಿಕ ಒಪ್ಪಿಗೆ ಕೊಡುತ್ತದೆ. ಅದರ ಮುಂದಿರುವ ಕಾಗದಗಳೆಲ್ಲ ಮರ್ಚೆಂಟ್ ಬ್ಯಾಂಕರನ ಕೈ ದಾಟಿ ಬಂದವು. ಕಾರ್ಖಾನೆಯ ಸುಳ್ಳನ್ನು ಹಿಡಿಯುವ ಮೊದಲ ಕಣ್ಣು, ಬಹಳ ಸಲ ಕೊನೆಯ ಕಣ್ಣೂ ಅವನದೇ.

ಈಗ ಪ್ರಕರಣಕ್ಕೆ. ಪ್ರವರ್ತಕರು ತಂದ ಮೂರು ವರ್ಷದ ಲೆಕ್ಕದಲ್ಲಿ ಬಡ್ಡಿ, ಸವಕಳಿ, ತೆರಿಗೆಗೆ ಮುಂಚಿನ ಕಾರ್ಯಾಚರಣೆ ಲಾಭ ಹೀಗಿತ್ತು: ಮೊದಲ ವರ್ಷ 82 ಲಕ್ಷ, ಎರಡನೇ ವರ್ಷ 1.36 ಕೋಟಿ, ಮೂರನೇ ವರ್ಷ 1.74 ಕೋಟಿ. 2025ರ ಮಾರ್ಚ್‌ನಲ್ಲಿ ಬಂದ ತಿದ್ದುಪಡಿಯಂತೆ, ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ಎರಡು ವರ್ಷ ಈ ಲಾಭ 1 ಕೋಟಿ ಮುಟ್ಟಿರಬೇಕು. ಕಾಗದದ ಮೇಲೆ ಕಂಪನಿ ಪಾಸು.

ಮೊದಲು ಬಿದ್ದದ್ದು ಹಣದ ಉದ್ದೇಶ. ಮನೆಯವರು ಕಂಪನಿಗೆ ಕೊಟ್ಟಿದ್ದ 1.2 ಕೋಟಿ ಕೈಸಾಲವನ್ನು ಇಶ್ಯೂ ಹಣದಿಂದ ತೀರಿಸಬೇಕೆಂದು ಪ್ರವರ್ತಕರ ಇಚ್ಛೆ. ಅದೇ ತಿದ್ದುಪಡಿ ಪ್ರವರ್ತಕರ ಮತ್ತು ಅವರ ಸಂಬಂಧಿಗಳ ಸಾಲ ತೀರಿಸಲು ಇಶ್ಯೂ ಹಣ ಬಳಸುವುದನ್ನು ನಿಲ್ಲಿಸಿದೆ. ಹಾಗಾದರೆ 'ಸಾಮಾನ್ಯ ವ್ಯಾಪಾರ ಉದ್ದೇಶ' ಎಂದು ಬರೆದರಾಯಿತು ಎಂಬ ಸಲಹೆ ಬಂತು. ಅದಕ್ಕೂ ಮಿತಿ ಇದೆ: ಎತ್ತುವ ಹಣದ ಶೇ 15 ಅಥವಾ 10 ಕೋಟಿ, ಯಾವುದು ಕಡಿಮೆಯೋ ಅದು. ಇಲ್ಲಿ ಅದು 98 ಲಕ್ಷ. ಆ ತಲೆಬರಹದಡಿ ಸಾಲ ತೀರಿಸಿದರೆ ಅದು ನಿಷೇಧವನ್ನೇ ಹಿಂಬಾಗಿಲಿನಿಂದ ಮುರಿದಂತೆ. ಸಿಎ ಅದನ್ನು ಅಲ್ಲಿಗೇ ಕೈಬಿಡಿಸಿದರು.

ಎರಡನೆಯದು ಯಂತ್ರದ ಕೊಟೇಶನ್. ಲೇಸರ್ ಕಟಿಂಗ್ ಯಂತ್ರಕ್ಕೆ ಭಿವಂಡಿಯ ಒಬ್ಬ ವ್ಯಾಪಾರಿಯಿಂದ 1.9 ಕೋಟಿಯ ಕೊಟೇಶನ್ ಇತ್ತು. ಇಂಥ ಕಾಗದದಲ್ಲಿ ಮೊದಲು ನೋಡಬೇಕಾದದ್ದು ಮೊತ್ತವಲ್ಲ, ಬರೆದವರು ಯಾರು ಎಂಬುದು. ಜಿಎಸ್‌ಟಿ ಸಂಖ್ಯೆ ಹಾಕಿ ನೋಂದಣಿಯ ತಾರೀಖು, ವ್ಯಾಪಾರದ ಸ್ವರೂಪ ನೋಡಬೇಕು. ಕಂಪನಿಯಾಗಿದ್ದರೆ ಸಲ್ಲಿಸಿದ ವಾರ್ಷಿಕ ಲೆಕ್ಕ ತೆಗೆಸಬೇಕು. ಆಮೇಲೆ ವಿಳಾಸಕ್ಕೆ ಹೋಗಬೇಕು, ಮುಂಚಿತವಾಗಿ ತಿಳಿಸದೆ. ಹೋದಾಗ ಗೋದಾಮಿನ ಶಟರಿಗೆ ಬೀಗ, ಬೀಗದ ಮೇಲೆ ಧೂಳು. ಪಕ್ಕದ ಚಹಾದಂಗಡಿಯವನಿಗೆ ಅಲ್ಲಿ ಯಂತ್ರ ಇಳಿದ ನೆನಪಿಲ್ಲ. ನೋಂದಣಿ ಇದ್ದದ್ದು ಪ್ರವರ್ತಕರ ಭಾವನ ಹೆಸರಿನಲ್ಲಿ. ಅದೇ ಯಂತ್ರಕ್ಕೆ ತಯಾರಕರಿಂದ ನೇರವಾಗಿ ತರಿಸಿದ ಕೊಟೇಶನ್ 58 ಲಕ್ಷ ಕಡಿಮೆ.

ಇದನ್ನು ಸಣ್ಣ ವಿಷಯ ಎನ್ನುವವರು 2024ರ ಒಂದು ಪ್ರಕರಣವನ್ನು ಓದಬೇಕು. ನೋಯ್ಡಾದ ಟ್ರಾಫಿಕ್‌ಸಾಲ್ ಐಟಿಎಸ್ ಟೆಕ್ನಾಲಜೀಸ್ ಸೆಪ್ಟೆಂಬರಿನಲ್ಲಿ ಬಿಎಸ್‌ಇ ಎಸ್‌ಎಂಇಯಲ್ಲಿ 44.87 ಕೋಟಿಯ ಇಶ್ಯೂ ತಂದಿತು, 345 ಪಟ್ಟು ಅರ್ಜಿ ಬಂದವು. ಅದರಲ್ಲಿ 17.70 ಕೋಟಿ ಒಂದು ಸಾಫ್ಟ್‌ವೇರ್ ಕೊಳ್ಳಲು ಮೀಸಲಾಗಿತ್ತು. ಆ ಮಾರಾಟಗಾರ ಸಂಸ್ಥೆಯ ಮೇಲೆ ದೂರು ಬಂದು ಲಿಸ್ಟಿಂಗ್ (ವಿನಿಮಯ ಕೇಂದ್ರದಲ್ಲಿ ಷೇರು ವಹಿವಾಟಿಗೆ ಬರುವುದು) ನಿಂತಿತು. ಸಂಸ್ಥೆಯ ಲೆಕ್ಕಪತ್ರಗಳನ್ನು ಪರೀಕ್ಷಿಸಿದ ಸೆಬಿ ಡಿಸೆಂಬರ್ 3ರ ಆದೇಶದಲ್ಲಿ ಹೂಡಿಕೆದಾರರ ಹಣ ವಾಪಸು ಕೊಡಿಸಿತು. ಅರ್ಜಿ ಹಾಕಿದವರಲ್ಲಿ ಎಷ್ಟು ಜನ ಆ ಕೊಟೇಶನ್ನಿನ ಪುಟ ತಿರುವಿರಬಹುದು? ಅದು ಅವರ ಕೆಲಸವೂ ಅಲ್ಲ. ಕೊಟೇಶನ್ ಬರೆದವರ ಬಾಗಿಲು ತಟ್ಟಲೆಂದೇ ಮರ್ಚೆಂಟ್ ಬ್ಯಾಂಕರನಿಗೆ ಶುಲ್ಕ ಕೊಡುವುದು.

ಮೂರನೆಯದು ದಾಸ್ತಾನು. ಪ್ರಕರಣ ತಿರುಗಿದ್ದು ಇಲ್ಲಿ.

ಪುಸ್ತಕದ ಪ್ರಕಾರ ಆ ದಿನ 304 ದರ್ಜೆಯ ಸ್ಟೀಲ್ ಶೀಟು 42 ಟನ್ ಇರಬೇಕು. ಟನ್ನನ್ನು ಕಣ್ಣಿನಲ್ಲಿ ಅಳೆಯಲಾಗದು, ಎತ್ತರವನ್ನು ಅಳೆಯಬಹುದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, 1.2 ಮಿ.ಮೀ. ದಪ್ಪದ ಒಂದು ಶೀಟು 28 ಕೆ.ಜಿ.ಗಿಂತ ತುಸು ಹೆಚ್ಚು ತೂಗುತ್ತದೆ. 42 ಟನ್ ಎಂದರೆ ಹತ್ತಿರ ಹತ್ತಿರ 1,484 ಶೀಟು. ಒಂದರ ಮೇಲೊಂದು ಇಟ್ಟರೆ 178 ಸೆಂ.ಮೀ., ಅಂದರೆ ಆಳೆತ್ತರ. ಶೆಡ್ಡಿನಲ್ಲಿ ಎರಡು ಅಟ್ಟಿ ಇದ್ದವು. ಟೇಪು ಹಿಡಿದರೆ ಒಂದು 40 ಸೆಂ.ಮೀ., ಇನ್ನೊಂದು 22. ಶೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯ ದಪ್ಪವನ್ನು ಬಿಟ್ಟುಕೊಟ್ಟರೂ 14.6 ಟನ್ ಮೀರುವುದಿಲ್ಲ.

"ಶೀಟು ಎಣಿಸ್ಲಿಕ್ಕೆ ಸಿಎ ಬೇಕಾ ಸಾರ್? ಬ್ಯಾಂಕಿನವರು ಯಾವತ್ತೂ ಟೇಪು ಹಿಡ್ಕೊಂಡು ಬರ್ಲಿಲ್ಲ ಮಾರಾಯ್ರೆ," ಎಂದರು ಪ್ರವರ್ತಕರು. ಇಡೀ ಪ್ರಕರಣದ ಬೀಗದ ಕೈ ಈ ಮಾತಿನಲ್ಲೇ ಇತ್ತು, ಅದಕ್ಕೆ ಮುಂದೆ ಬರೋಣ.

ಕೊರತೆ ಕಂಡ ಕೂಡಲೆ ಮೋಸ ಎನ್ನುವುದೂ ತಪ್ಪು. ಬಾಗಿಸುವುದು, ಪಾಲಿಶ್ ಮಾಡುವುದು ಹೊರಗಿನ ಜಾಬ್ ವರ್ಕಿನವರಲ್ಲಿ ನಡೆಯುತ್ತದೆ. ಹಾಗೆ ಹೋದ ಮಾಲಿಗೆ ಡೆಲಿವರಿ ಚಲನ್ ಇರಬೇಕು, ಜಿಎಸ್‌ಟಿಯ ಐಟಿಸಿ-04 ನಮೂನೆಯಲ್ಲಿ ತೋರಿಸಿರಬೇಕು, ಒಂದು ವರ್ಷದೊಳಗೆ ವಾಪಸು ಬಂದಿರಬೇಕು. 19 ಟನ್ನಿಗೆ ಚಲನ್ ಸಿಕ್ಕಿತು, ಮಾಲೂ ಆ ಶೆಡ್ಡುಗಳಲ್ಲಿ ಸಿಕ್ಕಿತು. ಉಳಿದ 8.4 ಟನ್ನಿಗೆ ಉತ್ತರವಿಲ್ಲ. ಕಿಲೋಗೆ 200 ರೂ. ಹಿಡಿದರೆ 16.8 ಲಕ್ಷ.

ಇಲ್ಲೊಂದು ಎಚ್ಚರಿಕೆ. ದರ್ಜೆ ಪರೀಕ್ಷಿಸಲು ಅಯಸ್ಕಾಂತ ಒತ್ತಿ, ಅಂಟದಿದ್ದರೆ 304 ಎಂದು ಬರೆದುಕೊಳ್ಳುವವರನ್ನು ನೋಡುತ್ತೇವೆ. ಅಗ್ಗದ 202 ದರ್ಜೆಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದನ್ನು ಬೇರ್ಪಡಿಸಲು ಮ್ಯಾಂಗನೀಸ್ ತೋರಿಸುವ ರಾಸಾಯನಿಕ ಹನಿ ಅಥವಾ ಲೋಹದಲ್ಲಿರುವ ಅಂಶಗಳನ್ನು ತೋರಿಸುವ ಎಕ್ಸ್‌ಆರ್‌ಎಫ್ ಗನ್ ಬೇಕು. ಇಲ್ಲಿ ಹನ್ನೆರಡು ಶೀಟಿನ ಮೇಲೆ ಹನಿ ಹಾಕಿದಾಗ ಎಲ್ಲವೂ 304 ಎಂದೇ ಬಂದವು. ಪ್ರವರ್ತಕರು ಕೆಟ್ಟ ಮಾಲು ಮಾಡುವವರಲ್ಲ ಎಂಬುದು ಇದರಿಂದ ಖಚಿತವಾಯಿತು, ಅದೂ ಫೈಲಿಗೆ ಹೋಯಿತು.

ದಾಸ್ತಾನು ಸುಳ್ಳಾಡಿದರೆ ಮಾರಾಟವನ್ನೂ ಕೇಳಬೇಕು. ಎರಡನೇ ವರ್ಷದ ವಹಿವಾಟು 18 ಕೋಟಿ, ಅದರಲ್ಲಿ ಮಾರ್ಚ್ ಒಂದೇ ತಿಂಗಳು 3.9 ಕೋಟಿ. ಉಳಿದ ತಿಂಗಳ ಸರಾಸರಿ 1.28 ಕೋಟಿ. ಮಾರ್ಚ್ ಕೊನೆಯ ವಾರದ ಬಿಲ್ಲುಗಳನ್ನು ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಜಾಲತಾಣದಲ್ಲಿ ತೆಗೆಯುವ ಚೀಟಿ) ಪಟ್ಟಿಯ ಪಕ್ಕ ಇಟ್ಟು ನೋಡಲಾಯಿತು. ಮಹಾರಾಷ್ಟ್ರದ ಒಳಗೆ 1 ಲಕ್ಷ ಮೀರಿದ ಸಾಗಣೆಗೆ ಇ-ವೇ ಬಿಲ್ ಬೇಕು. ಆರು, ಎಂಟು ಲಕ್ಷದ ಬಿಲ್ಲುಗಳಿವೆ, ಗಾಡಿ ನಂಬರೇ ಇಲ್ಲ. ಏಪ್ರಿಲ್‌ನಲ್ಲಿ 1.5 ಕೋಟಿಗೆ ಕ್ರೆಡಿಟ್ ನೋಟು, ಅಂದರೆ ಆ ಬಿಲ್ಲುಗಳನ್ನು ರದ್ದು ಮಾಡುವ ಕಾಗದ. ಮೇ, ಜೂನ್‌ನಲ್ಲಿ ಅದೇ ಹೋಟೆಲುಗಳಿಗೆ ಅದೇ ಮಾಲಿಗೆ ಹೊಸ ಬಿಲ್ಲು. ಆ ಹೋಟೆಲುಗಳ ಅಡುಗೆಮನೆಯ ಗೋಡೆಯೇ ಮಾರ್ಚ್‌ನಲ್ಲಿ ಎದ್ದಿರಲಿಲ್ಲ.

ಅಂದರೆ ಮಾರಾಟ ನಿಜ, ವರ್ಷ ಸುಳ್ಳು. 1.5 ಕೋಟಿಯ ಮೇಲೆ ಶೇ 28 ಲಾಭದ ಅಂಚು, 42 ಲಕ್ಷ. ಅದನ್ನು ಎರಡನೇ ವರ್ಷದಿಂದ ತೆಗೆದರೆ 1.36 ಕೋಟಿ 94 ಲಕ್ಷಕ್ಕೆ ಇಳಿಯುತ್ತದೆ. ಮೂರನೇ ವರ್ಷಕ್ಕೆ ಸೇರಿಸಿ, ದಾಸ್ತಾನಿನ 16.8 ಲಕ್ಷ ಕಳೆದರೆ 1.74 ಕೋಟಿ 1.99 ಆಗುತ್ತದೆ. ಮೂರು ವರ್ಷದ ಒಟ್ಟು ಲಾಭ ಮೊದಲಿಗಿಂತ ಬರೀ 17 ಲಕ್ಷ ಕಡಿಮೆ. ಆದರೆ 1 ಕೋಟಿ ದಾಟಿದ್ದು ಒಂದೇ ವರ್ಷ. ಕಂಪನಿ ಫೇಲು.

ಪ್ರವರ್ತಕರು ಹೀಗೇಕೆ ಮಾಡಿದರು? ಷೇರುದಾರರನ್ನು ವಂಚಿಸಲು ಅಲ್ಲ, ಆಗ ಇಶ್ಯೂವಿನ ಯೋಚನೆಯೇ ಇರಲಿಲ್ಲ. ಕ್ಯಾಶ್ ಕ್ರೆಡಿಟ್ (ದಾಸ್ತಾನಿನ ಆಧಾರದ ಮೇಲೆ ಬೇಕಾದಾಗ ತೆಗೆಯುವ ಬ್ಯಾಂಕ್ ಸಾಲ) ಮಿತಿ ನವೀಕರಿಸುವ ಹೊತ್ತಿಗೆ ಬ್ಯಾಂಕಿಗೆ ವಹಿವಾಟು ತೋರಿಸಬೇಕಿತ್ತು. ತಿಂಗಳ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನು ಹೆಚ್ಚು ಬರೆದರೆ, ಶೇ 25 ಮಾರ್ಜಿನ್ ಕಳೆದು ಅಷ್ಟು ಹೆಚ್ಚು ಹಣ ತೆಗೆಯಲು ಬರುತ್ತದೆ. 8.4 ಟನ್ನಿಗೆ ಸಿಕ್ಕ ಸೌಲಭ್ಯ 12.6 ಲಕ್ಷ. ಗಿರಾಕಿ ಹೋಟೆಲಿನವರು ನಾಲ್ಕು ತಿಂಗಳಾದರೂ ಹಣ ಕೊಡದಿದ್ದಾಗ ಕೂಲಿ ಕೊಡಲು ಆ ಹಣ ಬೇಕಿತ್ತು. ಸಣ್ಣ ಕಂಪನಿಗಳ ಲೆಕ್ಕದಲ್ಲಿ ನಾವು ಕಾಣುವ ಸುಳ್ಳುಗಳಲ್ಲಿ ಬಹಳಷ್ಟು ಬ್ಯಾಂಕ್ ಮ್ಯಾನೇಜರರಿಗಾಗಿ ಹುಟ್ಟಿದವು. ಹತ್ತಿರದ ಒಬ್ಬರಿಗೆ ಹೇಳಿದ ಆ ಲೆಕ್ಕ ಪ್ರಾಸ್ಪೆಕ್ಟಸ್ಸಿಗೆ ಬಂದ ದಿನ, ಕಂಡರಿಯದ ನೂರಾರು ಜನರಿಗೆ ಹೇಳಿದ್ದಾಗುತ್ತದೆ. ಸಂಕಟ ಅರ್ಥವಾಗುತ್ತದೆ ಎಂಬ ಕಾರಣಕ್ಕೆ ಅದನ್ನು ದಾಟಿಸಲಾಗದು.

ಮರ್ಚೆಂಟ್ ಬ್ಯಾಂಕಿಗೂ ಇದು ಬಿಸಿ ತುಪ್ಪ. ಶುಲ್ಕ 38 ಲಕ್ಷ, ಆ ವರ್ಷದ ಆದಾಯದ ಮೂರನೇ ಒಂದು ಪಾಲು. ಕೈಗೆ ಬಂದದ್ದು 6 ಲಕ್ಷ ಮುಂಗಡ, ಉಳಿದದ್ದು ಲಿಸ್ಟಿಂಗ್ ಆದ ಮೇಲೆ. ಇನ್ನೊಂದು ಕಡೆ ಲೆಕ್ಕ ಹೀಗಿದೆ. 42 ರೂಪಾಯಿಯ 15,60,000 ಷೇರು. ಸ್ವಂತ ಲೆಕ್ಕದ ಶೇ 15 ಎಂದರೆ 2,34,000 ಷೇರು, 98.28 ಲಕ್ಷ. ಅಷ್ಟೂ ತಲೆಗೆ ಬಂದು ಬೆಲೆ ಶೇ 60 ಕುಸಿದರೆ ನಷ್ಟ 59 ಲಕ್ಷ. ನಿವ್ವಳ ಮೌಲ್ಯ 6 ಕೋಟಿ, 1997ರ ಕೆಳಮಿತಿ 5 ಕೋಟಿ. ಅಂದರೆ ಸಂಸ್ಥೆ ಬದುಕುವುದು 1 ಕೋಟಿಯ ಅಂತರದಲ್ಲಿ. ಅಂಥ ಎರಡು ಇಶ್ಯೂ ಕೆಟ್ಟರೆ ನೋಂದಣಿಯೇ ಅಲುಗಾಡುತ್ತದೆ. ಸೆಬಿ ಮಂಡಳಿ 2024ರ ಡಿಸೆಂಬರಿನಲ್ಲಿ ಒಪ್ಪಿದ ಹೊಸ ಏರ್ಪಾಡಿನಲ್ಲಿ ಎಲ್ಲ ಕೆಲಸ ಮಾಡುವ ಮೊದಲ ವರ್ಗಕ್ಕೆ 50 ಕೋಟಿ, ಮುಖ್ಯ ವೇದಿಕೆಯ ಷೇರು ಇಶ್ಯೂ ಬಿಟ್ಟು ಉಳಿದದ್ದನ್ನು ಮಾಡುವ ಎರಡನೇ ವರ್ಗಕ್ಕೆ 10 ಕೋಟಿ ನಿವ್ವಳ ಮೌಲ್ಯ ಬೇಕು. ಹಾಗಾಗಿ ಶುಲ್ಕದ ಆಸೆಯೂ ಹೆಚ್ಚು, ನಷ್ಟದ ಭಯವೂ ಹೆಚ್ಚು.

ಪಾಲುದಾರರು ಕೆಲಸ ಬಿಡಲಿಲ್ಲ, ಕರಡನ್ನೂ ಸಲ್ಲಿಸಲಿಲ್ಲ. ಪ್ರವರ್ತಕರನ್ನು ಕೂರಿಸಿ ಮೂರು ಕೆಲಸ ಹೇಳಿದರು. ಪೀರ್ ರಿವ್ಯೂ (ಬೇರೆ ಲೆಕ್ಕಪರಿಶೋಧಕರಿಂದ ಕೆಲಸದ ಗುಣಮಟ್ಟದ ಪರೀಕ್ಷೆ) ಪ್ರಮಾಣಪತ್ರ ಇರುವ ಆಡಿಟರಿನಿಂದ ಮೂರೂ ವರ್ಷದ ಲೆಕ್ಕ ತಿದ್ದಿ ಬರೆಸುವುದು. ಬ್ಯಾಂಕಿಗೆ ಹೋಗಿ ಸರಿಯಾದ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟು, ಕಡಿಮೆಯಾಗುವ ಮಿತಿಯನ್ನು ಒಪ್ಪಿಕೊಳ್ಳುವುದು. ನಾಲ್ಕನೇ ವರ್ಷದ ಆಡಿಟ್ ಮುಗಿಯುವವರೆಗೆ ಕಾಯುವುದು. ಎರಡನೆಯದು ಎಲ್ಲಕ್ಕಿಂತ ಕಷ್ಟದ್ದು. ಬ್ಯಾಂಕಿನ ಮುಂದೆ ತಪ್ಪು ಒಪ್ಪದೆ ಪ್ರಾಸ್ಪೆಕ್ಟಸ್ಸಿನಲ್ಲಿ ತಿದ್ದಿದರೆ ಬ್ಯಾಂಕು ಅದನ್ನು ಓದಿಯೇ ಓದುತ್ತದೆ, ಸಾಲ ವಾಪಸು ಕೇಳುವುದು ಇಶ್ಯೂ ತೆರೆದ ವಾರವೇ ಆಗಬಹುದು. ಬೇರೆ ಮರ್ಚೆಂಟ್ ಬ್ಯಾಂಕರರ ಹತ್ತಿರ ಹೋಗುತ್ತೇನೆ ಎಂದು ಎದ್ದ ಪ್ರವರ್ತಕರು ಹದಿನೈದು ದಿನ ಬಿಟ್ಟು ತಿರುಗಿ ಬಂದರು.

ನಾಲ್ಕನೇ ವರ್ಷದ ಕಾರ್ಯಾಚರಣೆ ಲಾಭ 2.1 ಕೋಟಿ; 1 ಕೋಟಿ ದಾಟಿದ ವರ್ಷ ಈಗ ಎರಡಾದವು. ಬಡ್ಡಿ, ಸವಕಳಿ, ತೆರಿಗೆ ಕಳೆದು 1.2 ಕೋಟಿ. ಇಶ್ಯೂ ನಂತರದ 57.6 ಲಕ್ಷ ಷೇರಿಗೆ ಹಂಚಿದರೆ ಷೇರಿಗೆ 2.08 ರೂ.; 42 ರೂ. ಬೆಲೆ ಅದರ ಇಪ್ಪತ್ತು ಪಟ್ಟು. ಕರಡು 21 ದಿನ ಸಾರ್ವಜನಿಕರ ಮುಂದಿತ್ತು. ಹಳೆಯ ಅಂಕಿ, ತಿದ್ದಿದ ಅಂಕಿ ಎರಡೂ ಅಪಾಯಗಳ ಅಧ್ಯಾಯದ ಮೊದಲ ಪುಟದಲ್ಲೇ ಇದ್ದವು.

ಹಂಚಿಕೆಯ ಲೆಕ್ಕದಲ್ಲಿ ಇಂಥ ಪುಟ್ಟ ಇಶ್ಯೂವಿಗೆ ಒಂದು ಬಿಗಿ ಇದೆ, ಮೊದಲೇ ಕಾಣದಿದ್ದರೆ ಕೊನೆಗೆ ಉಸಿರು ಕಟ್ಟಿಸುತ್ತದೆ. 35ರಿಂದ 50 ರೂ. ಬೆಲೆಗೆ ಲಾಟ್, ಅಂದರೆ ಒಟ್ಟಿಗೇ ಕೊಳ್ಳಬೇಕಾದ ಕಟ್ಟು, 3,000 ಷೇರು. ಒಟ್ಟು 520 ಲಾಟ್. ಶೇ 5, ಅಂದರೆ 26 ಲಾಟ್, ಮಾರ್ಕೆಟ್ ಮೇಕರಿಗೆ. ಉಳಿದದ್ದು 494. ಈಗ ಅರ್ಜಿ ಕನಿಷ್ಠ ಎರಡು ಲಾಟ್, 2 ಲಕ್ಷ ಮೀರಿರಬೇಕು. ಇಲ್ಲಿ 2,52,000 ರೂ. ಷೇರು ಪಡೆಯುವವರು ಕನಿಷ್ಠ 200 ಜನ ಇರಬೇಕು, ಮೊದಲಿನಂತೆ 50 ಸಾಲದು. 200 ಜನಕ್ಕೆ ಎರಡೆರಡು ಎಂದರೆ 400 ಲಾಟ್ ಹೋಯಿತು. ದೊಡ್ಡ ಅರ್ಜಿಗೆ ಉಳಿಯುವುದು 94 ಲಾಟ್ ಮಾತ್ರ. ಒಬ್ಬ ಸಿರಿವಂತ ಸಂಬಂಧಿಕ ನೂರು ಲಾಟ್ ತೆಗೆದುಕೊಳ್ಳುತ್ತೇನೆ ಎಂದರೆ ಅದು ಉಪಕಾರವಲ್ಲ, ಇಶ್ಯೂ ಮುರಿಯುವ ಕೊಡಲಿ. ಹಾಗೆಯೇ ಪ್ರವರ್ತಕರು ತಾವೇ ಕೈಸಾಲ ಕೊಟ್ಟು ಪರಿಚಿತರಿಂದ ಅರ್ಜಿ ಹಾಕಿಸಬಾರದೆಂದು ಬರೆಸಿಕೊಳ್ಳಲಾಯಿತು. ಊರಿನವರ ವಿಶ್ವಾಸದ ಜಾಲದಲ್ಲಿ ಅದು ಬಹಳ ಸಹಜವಾಗಿ ನಡೆದುಬಿಡುತ್ತದೆ.

214 ಜನರಿಂದ 470 ಲಾಟಿಗೆ ಅರ್ಜಿ ಬಂದವು. 24 ಲಾಟ್ ಕೊರತೆ, 30.24 ಲಕ್ಷ. ಒಪ್ಪಂದದಲ್ಲಿ ಕೊರತೆಯ ಮೊದಲ ಪಾಲು ಮರ್ಚೆಂಟ್ ಬ್ಯಾಂಕಿನದೇ ಆಗಿದ್ದರಿಂದ ಅಷ್ಟನ್ನೂ ಅದೇ ಕೊಂಡಿತು. ಶುಲ್ಕದ ಬಹುಪಾಲು ಹೀಗೆ ಷೇರಾಗಿ ಕೂತಿತು. ಮೂರನೇ ಕೆಲಸದ ದಿನ ಲಿಸ್ಟಿಂಗ್ ಆಯಿತು.

ಅಲ್ಲಿಂದ ಮೂರು ವರ್ಷ ಮಾರ್ಕೆಟ್ ಮೇಕರ್ ದಿನದ ಶೇ 75 ಹೊತ್ತು ಕೊಳ್ಳುವ, ಮಾರುವ ಎರಡೂ ದರ ಹೇಳುತ್ತಿರಬೇಕು. 20 ಕೋಟಿವರೆಗಿನ ಇಶ್ಯೂವಿನಲ್ಲಿ ಅವನ ಕೈಯಲ್ಲಿ ಇಶ್ಯೂವಿನ ಶೇ 25 ಸೇರಿದರೆ ಕೊಳ್ಳುವ ದರದಿಂದ ವಿನಾಯಿತಿ, ಶೇ 24ಕ್ಕೆ ಇಳಿದ ಮೇಲೆ ಮತ್ತೆ ಹೇಳಬೇಕು. ಇಲ್ಲಿ ಆ ಗೆರೆ 130 ಲಾಟ್. ಆರಂಭದ 26 ಬಿಟ್ಟು ಇನ್ನೂ 104 ಲಾಟನ್ನು ಸರಾಸರಿ 36 ರೂ.ಗೆ ಕೊಂಡರೆ 1.12 ಕೋಟಿ ನಗದು ಬೇಕು. ಈ ಹಣ ಬ್ರೋಕರಿನಲ್ಲಿದೆಯೇ, ಅವನು ಇನ್ನೆಷ್ಟು ಕಂಪನಿಗೆ ಮಾರ್ಕೆಟ್ ಮೇಕರ್ ಆಗಿದ್ದಾನೆ ಎಂದು ಒಪ್ಪಂದಕ್ಕೆ ಮುಂಚೆ ಕೇಳಬೇಕು. ಅವನು ಕೈ ಚೆಲ್ಲಿದರೆ ಸಣ್ಣ ಷೇರುದಾರನಿಗೆ ಮಾರಲು ಜನವೇ ಇರುವುದಿಲ್ಲ. ಆರು ತಿಂಗಳಿಗೆ ಬೆಲೆ 37ಕ್ಕೆ ಇಳಿದಿತ್ತು, ಮಾರ್ಕೆಟ್ ಮೇಕರಿನ ಕೈಯಲ್ಲಿ 71 ಲಾಟ್ ಇತ್ತು, ದರ ನಿಂತಿರಲಿಲ್ಲ.

ಅರ್ಧವಾರ್ಷಿಕ ಲೆಕ್ಕದ ಜತೆ ಇಶ್ಯೂ ಹಣ ಎಲ್ಲಿ ಹೋಯಿತೆಂಬ ಆಡಿಟರಿನ ಪ್ರಮಾಣಪತ್ರ ಬಂತು. ಲೇಸರ್ ಯಂತ್ರಕ್ಕೆ 1.32 ಕೋಟಿ, ತಯಾರಕರ ಖಾತೆಗೇ ಹೋಗಿತ್ತು. ಅದೇ ಲಕೋಟೆಯಲ್ಲಿ ಪ್ರವರ್ತಕರು ಕೇಳದೆಯೇ ಒಂದು ಫೋಟೋ ಇಟ್ಟಿದ್ದರು: ಶೆಡ್ಡಿನ ಕಂಬ, ಪಕ್ಕದಲ್ಲಿ ಶೀಟಿನ ಮೂರು ಅಟ್ಟಿ, ಕಂಬದ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಮತ್ತು ಎತ್ತರ: 61, 58, 33 ಸೆಂ.ಮೀ. ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಬರೆದದ್ದು 35.8 ಟನ್.